ಗುಳುಂಬನಿಗೆ ಹಲ್ಲು ಬಂದದ್ದು

"ಎಲ್ಲರೂ ಸರಿಯಾಗಿ ಕೇಳಿಸ್ಕೊಳ್ಳಿ. ಇನ್ನು ನಾನು ಮಾಡೋ ಪ್ರಾಣಿ ಸಾಯೋ ಜಾತಿಯದಲ್ಲ. ಈ ಯುಗ ಮುಗಿಯೋ ತನಕ ಈ ಕಟ್ಟೆ ಮೇಲೆ ಉಳಿಯುತ್ತೆ. ಉಳೀಲಿಲ್ಲ ಅಂದ್ರೆ ಯುಗ ಮುಗಿಯೋ ತನಕ ನಾನು ಬಾಯಿ ಬಿಡಲ್ಲ."

ಅಜ್ಜಿ ಹೀಗೆ ಸಾರಿದ್ದು ಮೆಟ್ಟಿಲ ತಿರುವಿನಲ್ಲಿ ನಿಂತು. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈಯಲ್ಲಿ ಆಗಷ್ಟೇ ತೀರಿಕೊಂಡಿದ್ದ ಆರು ಕಾಲಿನ ಮೇಣದ ಪ್ರಾಣಿ. ಶಪಥ ಮಾಡುವವರ ಕೈಯಲ್ಲಿ ಗದೆಯೋ ಕತ್ತಿಯೋ ಇದ್ದರೆ ಒಂದು ಕಳೆ. ಅಜ್ಜಿಯ ಕೈಯಲ್ಲಿದ್ದದ್ದು ಹೆಣ.

"ಬಾಯಿ ಬಿಡಲ್ಲ ಅಂದ್ರೆ?" ಎಂದಳು ಸೊಸೆ.

"ಮಾತಾಡಲ್ಲ ಅಂತ."

"ಯಾರ ಹತ್ರ?"

"ಯಾರ ಹತ್ರಾನೂ."

"ನನ್ನ ಹತ್ರಾನೂ?"

ಆ ಕೊನೆಯ ಪ್ರಶ್ನೆಯಲ್ಲಿ ಸುಳಿದ ಆಸೆಯನ್ನು ಅಜ್ಜಿ ಅಲ್ಲೇ ಗುರುತಿಸಬೇಕಿತ್ತು. ಗೋಡೆಯಾಚೆಯ ಪಿಸುಮಾತನ್ನೂ ಹಿಡಿಯುವ ಕಿವಿ ಅಜ್ಜಿಯದು. ಆದರೆ ರೋಷ ಬಂದಾಗ ಕಿವಿ ಮೊದಲು ಮುಚ್ಚುತ್ತದೆ, ಬಾಯಿ ಆಮೇಲೆ.

"ನಿನ್ನ ಹತ್ರವೇ ಮೊದಲು," ಎಂದಳು ಅಜ್ಜಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಕ್ಷಿಗೆ ಮೇಲಿನ ಮನೆಯ ಬೇಕರಿಯಣ್ಣ ಇದ್ದ, ಕೆಳಗಿನ ಮನೆಯ ಟೈಲರಮ್ಮ ಇದ್ದಳು. ಇಬ್ಬರೂ ತಲೆಯಾಡಿಸಿದರು.

ಈ ಆಟವನ್ನು ತಂದವಳು ಸೊಸೆ. ಕಣ್ಣಾಸ್ಪತ್ರೆಯಲ್ಲಿ ಗೋಡೆಯ ಮೇಲಿನ ಅಕ್ಷರ ಓದಿಸುವ ಕೆಲಸ ಅವಳದು. ದಿನವಿಡೀ ಬಂದವರ ಕಣ್ಣಿಗೆ ಗಾಜು ಬದಲಿಸುತ್ತಾ "ಹೀಗೆ ಚೆನ್ನಾಗಿ ಕಾಣುತ್ತೋ, ಹೀಗೋ?" ಎಂದು ಕೇಳಿ ಕೇಳಿ, ಮನೆಯಲ್ಲೂ ನಡುವಿನ ಉತ್ತರ ಒಪ್ಪದವಳಾಗಿದ್ದಳು. ಅವಳ ಗಂಡ, ಅಂದರೆ ಅಜ್ಜಿಯ ಮಗ, ಲಾರಿ ಓಡಿಸುತ್ತಾ ತಿಂಗಳಿಗೊಮ್ಮೆ ಮುಖ ತೋರಿಸುವವನು. ಸಂಜೆ ಕಳೆಯಲೆಂದು ಸೊಸೆ ಹೂಡಿದ ಆಟ ಈಗ ಮೂರು ಮನೆಗಳ ನಿದ್ದೆ ಕೆಡಿಸಿತ್ತು.

ಆಟ ಸರಳ. ಮೆಟ್ಟಿಲ ತಿರುವಿನ ಅಗಲವಾದ ಕಿಟಕಿಕಟ್ಟೆಯೇ ಭೂಮಂಡಲ. ಯಾರೂ ಎಲ್ಲೂ ಕಾಣದ ಪ್ರಾಣಿಗಳನ್ನು ಮೂರು ಮನೆಯವರೂ ಸೇರಿ ಸೃಷ್ಟಿಸಬೇಕು. ಆದರೆ ಬ್ರಹ್ಮನಿಗಿದ್ದ ಸ್ವಾತಂತ್ರ್ಯ ಇವರಿಗಿಲ್ಲ. ಕಟ್ಟೆಯ ಮೇಲೆ ಈಗಾಗಲೇ ಇರುವ ಪ್ರಾಣಿಯ ಮೈಯಿಂದಲೇ ಮುಂದಿನ ಮರಿ ಹುಟ್ಟಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಯಾರು ಬೇಕಾದರೂ ಯಾರ ಪ್ರಾಣಿಯನ್ನಾದರೂ ಮುಂದುವರಿಸಬಹುದು. ಕೊಟ್ಟ ಅಂಗವನ್ನು ಕಿತ್ತುಕೊಳ್ಳುವಂತಿಲ್ಲ. ಜೀವವಿರುವ ಪ್ರಾಣಿಯನ್ನು ಕಟ್ಟೆಯಿಂದ ಎತ್ತಿದರೆ ಆ ವಂಶ ಅಳಿದಂತೆ. ವಾರಕ್ಕೊಮ್ಮೆ ಸೊಸೆ ಒಂದು ಆಪತ್ತು ತರುತ್ತಾಳೆ: ಒಮ್ಮೆ ಹೂಜಿಯಿಂದ ನೀರು ಸುರಿದು ಪ್ರವಾಹ, ಒಮ್ಮೆ ಮೇಜಿನ ಫ್ಯಾನು ಇಟ್ಟು ಬಿರುಗಾಳಿ. ತಡೆದುಕೊಂಡವನು ಉಳಿದ. ಯುಗ ಶುರುವಾಗುವುದೂ ಮುಗಿಯುವುದೂ ಸೊಸೆ ಹೇಳಿದಾಗ.

ಅಜ್ಜಿಯ ಪ್ರಾಣಿಗಳಿಗೆ ಮಾತ್ರ ಆಯುಸ್ಸು ಇರಲಿಲ್ಲ. ಒಂದು ತೇಲಿಹೋಯಿತು, ಒಂದು ಹಾರಿಹೋಯಿತು, ಆರು ಕಾಲಿನದು ತನ್ನ ಕಾಲಿಗೆ ತಾನೇ ತೊಡರಿ ಕಟ್ಟೆಯಿಂದ ಬಿತ್ತು. ಉಳಿದಿದ್ದವನು ಸುಮ್ನಪ್ಪ ಒಬ್ಬನೇ. ಕೈಯಿಲ್ಲ, ಕಾಲಿಲ್ಲ, ಕಣ್ಣಿಲ್ಲ. ಬರೀ ಗುಲಾಬಿ ಬಣ್ಣದ ಮೇಣದ ಉಂಡೆ. ಬದುಕಿದ್ದಾನೆಂದು ಸೊಸೆ ಹೇಳಿದ್ದಕ್ಕೆ ಬದುಕಿದ್ದ.

ಮೇಣ ಬರುತ್ತಿದ್ದದ್ದು ಯಜಮಾನರ ಮೇಜಿನಿಂದ. ಅಜ್ಜಿಯ ಯಜಮಾನರು ಹಲ್ಲಿನ ಸೆಟ್ಟು ಕಟ್ಟುವವರು. ಮುಂದಿನ ಕೋಣೆಯೇ ಅವರ ಕಾರ್ಖಾನೆ. ಮೊದಲು ಬಾಯಿಯ ಅಚ್ಚು, ಆ ಅಚ್ಚಿನ ಮೇಲೆ ಗುಲಾಬಿ ಮೇಣದ ಒಸಡು, ಒಸಡಿನಲ್ಲಿ ಒಂದೊಂದಾಗಿ ಹಲ್ಲು. ಆ ಮೇಣದ ಸೆಟ್ಟನ್ನು ಗಿರಾಕಿಯ ಬಾಯಿಗಿಟ್ಟು ನೋಡಿ, ಸರಿಯೆನಿಸಿದ ಮೇಲೆ ಬೇಯಿಸಿ ಗಟ್ಟಿ ಮಾಡುವುದು. ಮೇಜಿನ ಬಲತುದಿ ಕೆಲಸದ್ದು, ಎಡತುದಿ ಕಸದ್ದು. ಎಡತುದಿಯಲ್ಲಿ ಬಿದ್ದದ್ದನ್ನು ಅಜ್ಜಿ ಕೇಳದೆ ಎತ್ತಿಕೊಳ್ಳಬಹುದು. ಬಲತುದಿಯ ಕಡೆ ಅವಳ ಸೆರಗೂ ಸುಳಿಯುವಂತಿಲ್ಲ. ಮದುವೆಯಾದಾಗಿನಿಂದ ಇದ್ದ ಗಡಿ ಅದು. ಮಿಕ್ಕ ಯಾವ ವಿಷಯದಲ್ಲೂ ಒಮ್ಮತವಿಲ್ಲದ ದಂಪತಿ ಇದೊಂದನ್ನು ತಪ್ಪದೆ ಪಾಲಿಸಿದ್ದರು.

ಶಪಥ ಮಾಡಿದ ಸಂಜೆಯೇ ಆ ಕೋಣೆಯಲ್ಲಿ ಜಗಳ ಹತ್ತಿತು. ಬಂದಿದ್ದವರು ತುತ್ತೂರಿಯವರು. ನಾಟಕಶಾಲೆಯ ವಾದ್ಯಮೇಳದಲ್ಲಿ ತುತ್ತೂರಿ ಊದುವವರು. ಎರಡು ತಿಂಗಳ ಹಿಂದೆ ರಂಗದ ಮೆಟ್ಟಿಲಲ್ಲಿ ಜಾರಿ, ವಾದ್ಯವನ್ನು ಎದೆಗವಚಿ ಉಳಿಸಿಕೊಂಡು, ಮೇಲಿನ ಸಾಲಿನ ಹಲ್ಲನ್ನೆಲ್ಲ ಕಳೆದುಕೊಂಡಿದ್ದರು. ಅಂದಿನಿಂದ ಮೇಳದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಬರುವ ಮಂಗಳವಾರ ಊದಿ ತೋರಿಸದಿದ್ದರೆ ಅವರ ಜಾಗ ಬೇರೆಯವರಿಗೆ.

ಅಜ್ಜಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣು ಈರುಳ್ಳಿಗೆ, ಕಿವಿ ಮುಂದಿನ ಕೋಣೆಗೆ.

"ನನ್ನ ಸ್ವಂತ ಹಲ್ಲಲ್ಲಿ ಮುಂದೆ ಒಂದು ಸಂದು ಇತ್ತು ಯಜಮಾನ್ರೇ. ಉಸಿರು ಅಲ್ಲಿಂದಲೇ ಹೋಗ್ತಿತ್ತು. ಇದು ಗೋಡೆ ಕಟ್ಟಿದ ಹಾಗಿದೆ."

"ಸಂದು ಇದ್ದದ್ದು ದೇವರ ತಪ್ಪು. ಅದನ್ನ ನಾನ್ಯಾಕೆ ಮಾಡ್ಲಿ?"

"ಸ್ವಲ್ಪವೇ ಸಾಕು."

"ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಹೋದ ಸೆಟ್ಟಲ್ಲಿ ಒಂದು ಕೂದಲು ತೂರಿಲ್ಲ."

"ನನಗೆ ಕೂದಲು ಬೇಡ. ಗಾಳಿ ತೂರಬೇಕು."

"ಹಾಗಾದ್ರೆ ಇದನ್ನ ಕಸಕ್ಕೆ ಹಾಕ್ತೀನಿ. ಸಂದು ಬಿಡೋರ ಹತ್ರ ಹೋಗಿ ಮಾಡಿಸ್ಕೊಳ್ಳಿ."

ಮೇಜಿನ ಮೇಲೆ ಏನನ್ನೋ ಕುಕ್ಕಿದ ಸದ್ದು. ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ ಯಜಮಾನರು ಚಪ್ಪಲಿ ಮೆಟ್ಟಿ ಗಾಳಿ ಸೇವನೆಗೆ ಹೋದ ಸದ್ದು.

ಅಜ್ಜಿ ಕೈ ಒರೆಸಿಕೊಂಡು ಬಂದು ನೋಡಿದಳು. ಎಡತುದಿಯಲ್ಲಿ, ಮೇಣದ ಚೂರುಗಳ ನಡುವೆ, ಗುಲಾಬಿ ಒಸಡಿನಲ್ಲಿ ಸಾಲಾಗಿ ಹೊಳೆಯುವ ಹಲ್ಲುಗಳು. ಕಸದ ಜಾಗದಲ್ಲಿ ಇದೆ. ಕಸಕ್ಕೆ ಹಾಕುತ್ತೇನೆಂದು ಮಾಡಿದವರೇ ಹೇಳಿದ್ದನ್ನು ಕಿವಿಯಾರೆ ಕೇಳಿದ್ದಾಳೆ. ಇನ್ನೇನು ಸಾಕ್ಷಿ ಬೇಕು? ಅದನ್ನು ಎತ್ತಿ ಬೆಳಕಿಗೆ ಹಿಡಿದಾಗ ಅಜ್ಜಿಯ ಮೈ ಜುಮ್ಮೆಂದಿತು. ಅದು ಹಲ್ಲಿನ ಸೆಟ್ಟಾಗಿ ಕಾಣಲಿಲ್ಲ. ಬಾಯಿ ತೆರೆದುಕೊಂಡೇ ಹುಟ್ಟಿ, ಮೈಗಾಗಿ ಕಾಯುತ್ತಿರುವ ಜೀವವಾಗಿ ಕಂಡಿತು.

ಮರುದಿನ ಬೆಳಗ್ಗೆ ಕಟ್ಟೆಯ ಮೇಲೆ ಸುಮ್ನಪ್ಪ ಇರಲಿಲ್ಲ. ಅವನ ಮೈಯಿಂದ ಹುಟ್ಟಿದ ಗುಳುಂಬ ಇದ್ದ. ಒಂದೇ ಬದಲಾವಣೆ: ಬಾಯಿ.

ಬೇಕರಿಯಣ್ಣ ಮೆಟ್ಟಿಲಿಳಿಯುತ್ತಾ ನೋಡಿ ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದ. "ಅಜ್ಜಿ, ಇವನು ನನ್ನ ನೋಡಿ ನಗ್ತಿದಾನೆ."

"ನಗ್ತಿಲ್ಲ ಕಣಪ್ಪ, ಹಸಿದಿದಾನೆ."

ಸೊಸೆ ಬಗ್ಗಿ, ಆ ಕಣ್ಣಿನಿಂದ ಒಮ್ಮೆ, ಈ ಕಣ್ಣಿನಿಂದ ಒಮ್ಮೆ ನೋಡಿ ತೀರ್ಪು ಕೊಟ್ಟಳು. "ಬಾಯಿ ಇದ್ದವನು ಬಾಯಿ ಇಲ್ಲದವರನ್ನ ತಿನ್ನಬಹುದು."

ಕಟ್ಟೆಯ ಮೇಲೆ ಬಾಯಿ ಬೇರೆ ಯಾರಿಗೂ ಇರಲಿಲ್ಲ. ಟೈಲರಮ್ಮನ ಗುಂಡುಸೂಜಿ ಕಾಲಿನ ಸೂಜಿಕಾಲನಿಗಾಗಲಿ, ಬೇಕರಿಯಣ್ಣನ ಹಿಟ್ಟಿನ ಉಬ್ಬಣ್ಣನಿಗಾಗಲಿ ಅದರ ಯೋಚನೆಯೇ ಬಂದಿರಲಿಲ್ಲ. ತಮ್ಮ ಮಕ್ಕಳ ಪ್ರಾಣ ಹೋಗಬಾರದೆಂದರೆ ಗುಳುಂಬನ ನೆಂಟರಾಗುವುದೇ ಸರಿಯೆಂದು ಇಬ್ಬರಿಗೂ ಹೊಳೆಯಿತು. ಶುಕ್ರವಾರ ಬೇಕರಿಯಣ್ಣ ಅವನಿಗೆ ಉಪ್ಪು ಹಿಟ್ಟಿನ ಡುಬ್ಬ ಮೆತ್ತಿದ. "ತಿಂದದ್ದನ್ನ ಕೂಡಿಟ್ಟುಕೊಳ್ಳೋಕೆ. ಉಪ್ಪು ಹಾಕಿದೀನಿ, ಹುಳ ಹಿಡಿಯಲ್ಲ." ಶನಿವಾರ ಟೈಲರಮ್ಮ ನಾಲಿಗೆ ಕೊಟ್ಟಳು. ಕೆಂಪು ದಾರದ ಉದ್ದ ನಾಲಿಗೆ, ಮುಂದಿನ ಎರಡು ಹಲ್ಲಿನ ನಡುವಿನಿಂದ ಹೊರಕ್ಕೆ. "ತೂರಿಸೋಕೆ ಜಾಗವೇ ಇರಲಿಲ್ಲ ಅಜ್ಜಿ. ಕತ್ತರಿ ತುದೀಲಿ ಒಂಚೂರು ಸರಿಸಿದೆ."

"ಚೆನ್ನಾಗಿ ಮಾಡಿದೆ ಬಿಡು," ಎಂದು ಅಜ್ಜಿ ಉದಾರವಾಗಿ ನಕ್ಕಳು. ಎಲ್ಲರೂ ಸೇರಿ ಸಾಕುತ್ತಿರುವ ಮಗನ ತಾಯಿಗೆ ಇರುವ ಗತ್ತು ಅವಳ ನಡಿಗೆಗೆ ಬಂದಿತ್ತು.

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಗುಳುಂಬನಿಗೆ ಎರಡೂ ಇದ್ದವು. ಭಾನುವಾರ ಮಧ್ಯಾಹ್ನದವರೆಗೆ.

ಊಟವಾಗಿತ್ತು. ಅಜ್ಜಿ ತಟ್ಟೆ ತೊಳೆಯುತ್ತಿದ್ದಳು. ಮುಂದಿನ ಕೋಣೆಯಿಂದ ಯಜಮಾನರ ದನಿ, ಮೆತ್ತಗೆ, ಬಂದಿತು.

"ಇವಳೇ."

ಯಜಮಾನರು ಕೂಗಾಡಿದರೆ ಅಜ್ಜಿಗೆ ಭಯವಿಲ್ಲ. ಅದು ದಿನದ ವಾದ್ಯ. ಮೆತ್ತಗೆ ಕರೆದರೆ ಅನಾಹುತವಾಗಿದೆಯೆಂದೇ ಅರ್ಥ.

"ಏನ್ರೀ?"

"ತುತ್ತೂರಿಯವರ ಸೆಟ್ಟು ಕಾಣಿಸ್ತಿಲ್ಲ."

ಅಜ್ಜಿಯ ಕೈಯಲ್ಲಿದ್ದ ತಟ್ಟೆ ನೀರಿನೊಳಗೆ ತಾನಾಗಿಯೇ ಮುಳುಗಿತು.

"ಅವರದನ್ನ ಕಸಕ್ಕೆ ಹಾಕ್ತೀನಿ ಅಂದಿದ್ರಲ್ಲ?"

"ಹೇಳೋದು ಹೇಳ್ತೀವಪ್ಪ. ಹಾಕ್ತೀವಾ? ಮಾರನೇ ದಿನವೇ ಫೋನ್ ಮಾಡಿದ್ರು, ಪಾಪ. ನೀವು ಹೇಗೆ ಕೊಟ್ರೆ ಹಾಗೆ, ಹೇಗೋ ಊದ್ತೀನಿ ಅಂದ್ರು. ನೀನು ಮಾಳಿಗೆ ಮೇಲೆ ಬಟ್ಟೆ ಒಣಗಿಸ್ತಿದ್ದೆ. ಇವತ್ತು ಸಂಜೆ ಬಾಯಿಗಿಟ್ಟು ನೋಡಿ, ಬೇಯಿಸೋಕೆ ಹಾಕಬೇಕು. ಇವತ್ತು ಹಾಕದಿದ್ರೆ ಮಂಗಳವಾರಕ್ಕೆ ಆಗಲ್ಲ."

"ಇನ್ನೊಂದು ಕಟ್ಟಿದ್ರಾಯ್ತಲ್ಲ?" ಎಂದಳು ಅಜ್ಜಿ.

"ಆ ಹಲ್ಲು ಆ ಅಳತೇಲಿ ನನ್ನ ಹತ್ರ ಇನ್ನಿಲ್ಲ. ತರಿಸೋಕೆ ವಾರ ಬೇಕು. ಒದ್ದೆ ಬಟ್ಟೆ ಕೆಳಗೆ ಬಲತುದೀಲೇ ಇಟ್ಟಿದ್ದೆ. ನನ್ನ ಕೈ ತಪ್ಪಲ್ಲ. ಯಾರೋ ಮುಟ್ಟಿದಾರೆ." ಯಜಮಾನರು ಮಂಡಿಯೂರಿ ಮೇಜಿನಡಿ ಇಣುಕಿದರು. "ಯಾರೇ ಆಗಿರಲಿ, ಇನ್ನು ಈ ಮೇಜಿಂದ ಒಂದು ಚೂರು ಮೇಣ ಹೊರಗೆ ಹೋಗಲ್ಲ. ನಿಮ್ಮ ಆಟಕ್ಕೂ ಇಲ್ಲ, ಪಾಠಕ್ಕೂ ಇಲ್ಲ."

ಕಳ್ಳನ ಮನಸ್ಸು ಹುಳ್ಳುಳ್ಳಗೆ. 'ನೀವು ಕುಕ್ಕಿದ್ದು ಎಡತುದೀಲಿ ಕಣ್ರೀ' ಎಂಬ ಮಾತು ಅಜ್ಜಿಯ ನಾಲಿಗೆಯ ತುದಿಗೆ ಬಂದು ಕುಳಿತಿತು. ಆದರೆ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ, 'ಅದು ನಿನಗೆ ಹೇಗೆ ಗೊತ್ತು?' ಅದಕ್ಕೆ ಉತ್ತರ ನಾಲ್ಕು ಮೆಟ್ಟಿಲ ಕೆಳಗೆ, ಡುಬ್ಬ ಹೊತ್ತು, ನಾಲಿಗೆ ಚಾಚಿ ಕುಳಿತಿದೆ. ಸದ್ದಿಲ್ಲದೆ ತಂದು, ತೊಳೆದು, ಬಟ್ಟೆಯಡಿ ಇಟ್ಟುಬಿಟ್ಟರೆ? ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ನಡೆದಳು.

ಮೆಟ್ಟಿಲ ತಿರುವಿನಲ್ಲಿ ಜನ ನೆರೆದಿತ್ತು. ಜನವೆಂದರೆ ಅದೇ ಮೂವರು. ಆದರೆ ಆ ಗಳಿಗೆಯಲ್ಲಿ ಅಜ್ಜಿಗೆ ಸಂತೆಯೇ ನೆರೆದಂತೆ ಕಂಡಿತು. ಸೊಸೆಯ ಕೈಯಲ್ಲಿ ಕಿಟಕಿಯ ಪರದೆ ಮಡಚಿಕೊಂಡಿತ್ತು. ಕಟ್ಟೆಯ ಎಡ ಅಂಚಿಗೆ ಬಿಸಿಲು ಬಿದ್ದಿತ್ತು.

"ಬನ್ನಿ ಅತ್ತೆ, ಸರಿಯಾದ ಹೊತ್ತಿಗೆ ಬಂದ್ರಿ. ಈ ವಾರದ ಆಪತ್ತು, ಬೇಸಿಗೆ."

ಅಜ್ಜಿ ಕಟ್ಟೆಯನ್ನು ನೋಡಿದಳು. ಎಡಕ್ಕೆ ಸೂಜಿಕಾಲ, ನಡುವೆ ಉಬ್ಬಣ್ಣ, ಬಲಕ್ಕೆ ಗುಳುಂಬ. ಮೂವರ ಮೇಲೂ ಬಿಸಿಲು ಸರದಿಯಂತೆ ಬರಲಿದೆ. ಸೂಜಿಕಾಲನ ಮೇಣದ ಮೈ ಆಗಲೇ ಬೆವರಿತ್ತು. ಒಂದು ಸೂಜಿ ಜಾರಿ ಟಿಣ್ ಎಂದು ನೆಲಕ್ಕೆ ಬಿತ್ತು. ಟೈಲರಮ್ಮ ಕಣ್ಣು ಮುಚ್ಚಿಕೊಂಡಳು.

"ಪರದೆ ಎಳಿಯಮ್ಮ, ಬಿಸಿಲಿಗೆ ನನಗೆ ತಲೆ ಸುತ್ತುತ್ತೆ," ಎಂದಳು ಅಜ್ಜಿ.

"ಒಳಗೆ ಹೋಗಿ ಮಲಗಿ ಅತ್ತೆ. ಫಲಿತಾಂಶ ಬಂದು ಹೇಳ್ತೀನಿ."

"ನಾಳೆಗೆ ಇಟ್ಕೊಂಡ್ರೆ ಆಗಲ್ವಾ ಬೇಸಿಗೆ?"

"ಬೇಸಿಗೆ ಯಾರನ್ನ ಕೇಳಿ ಬರುತ್ತೆ?"

ಇನ್ನೊಂದು ಸೂಜಿ ಬಿತ್ತು. ಸೂಜಿಕಾಲ ಮುಂದಕ್ಕೆ ಬಾಗಿ ನಮಸ್ಕಾರ ಮಾಡಿದಂತೆ ಮಲಗಿದ. ಬಿಸಿಲು ಅವನನ್ನು ದಾಟಿ ಉಬ್ಬಣ್ಣನ ಪಾದಕ್ಕೆ ಬಂತು. ಉಬ್ಬಣ್ಣ ಹಿಟ್ಟಿನವನು, ಬಿಸಿಲು ಅವನಿಗೆ ತವರು. ಬೇಕರಿಯಣ್ಣ ಮೀಸೆ ಸವರಿಕೊಂಡ.

ಅಜ್ಜಿ ಮೆಲ್ಲಗೆ ಸರಿದು ಕಿಟಕಿಗೆ ಬೆನ್ನು ಕೊಟ್ಟು ನಿಂತಳು. ಅವಳ ನೆರಳು ಗುಳುಂಬನ ಮೇಲೆ ತಂಪಾಗಿ ಬಿತ್ತು.

"ಅತ್ತೆ, ನೀವು ಮೋಡ ಅಲ್ಲ."

"ಗಾಳಿಗೆ ನಿಂತೆ ಕಣೇ."

"ತಲೆ ಸುತ್ತುತ್ತೆ ಅಂದ್ರಿ ಈಗಷ್ಟೇ. ಸುತ್ತೋದು ಸರಿಯೋ, ಗಾಳಿಗೆ ನಿಂತದ್ದು ಸರಿಯೋ?"

ಮೇಲಿನಿಂದ ಯಜಮಾನರು ಮಂಚ ಎಳೆಯುವ ಸದ್ದು ಕೇಳಿಸಿತು. ಪೆಟ್ಟಿಗೆ ಬಿದ್ದ ಸದ್ದು. ಆಮೇಲೆ ಅವರ ಹೆಜ್ಜೆ ಬಾಗಿಲಿನತ್ತ ಬಂದು, ಏನೋ ನೆನಪಾಗಿ, ಮತ್ತೆ ಒಳಗೆ ತಿರುಗಿತು. ಸತ್ಯ ಹೇಳೋಣವೆಂದರೆ ಬೇಕರಿಯಣ್ಣನ ಕಿವಿಗೆ ಬಿದ್ದದ್ದು ಸಂಜೆಯ ಬ್ರೆಡ್ಡಿನ ಜೊತೆ ಬೀದಿಗೆಲ್ಲ ಹಂಚಿಹೋಗುತ್ತದೆ: ಗಿರಾಕಿಯ ಹಲ್ಲು ಆಟದ ಸಾಮಾನಾಯಿತಂತೆ ಎಂದು. ಅಂಥ ಕೈಯಿಂದ ಇನ್ನು ಯಾರು ಹಲ್ಲು ಕಟ್ಟಿಸಿಕೊಂಡಾರು? ಹೇಳದೆ ಎತ್ತೋಣವೆಂದರೆ ವಂಶ ಅಳಿಯುತ್ತದೆ, ಶಪಥ ಕೊರಳಿಗೆ ಸುತ್ತಿಕೊಳ್ಳುತ್ತದೆ. ನುಂಗಿದರೆ ಗಂಟಲು ಸುಡುವ, ಉಗುಳಿದರೆ ಮಾನ ಹೋಗುವ ಬಿಸಿ ತುತ್ತು.

ಅಜ್ಜಿ ಏನೂ ತೋಚದೆ ಪಕ್ಕಕ್ಕೆ ಸರಿದು ಕಿಟಕಿಯತ್ತ ತಿರುಗಿದಳು. ಕೆಳಗೆ ಬೀದಿಯಲ್ಲಿ ತುತ್ತೂರಿಯವರು ಬರುತ್ತಿದ್ದರು. ಸಂಜೆ ಬರುತ್ತೇನೆಂದವರು ತಡೆಯಲಾರದೆ ಮಧ್ಯಾಹ್ನವೇ ಹೊರಟುಬಂದಿದ್ದರು. ವಾದ್ಯದ ಪೆಟ್ಟಿಗೆಯನ್ನು ಮಗುವಿನಂತೆ ಅವಚಿಕೊಂಡಿದ್ದರು. ಎದುರು ಮನೆಯ ನೆರಳಿನಲ್ಲಿ ನಿಂತು, ಆಚೀಚೆ ನೋಡಿ, ಯಾರೂ ಇಲ್ಲವೆಂದು ತಿಳಿದ ಮೇಲೆ ಕರವಸ್ತ್ರದಿಂದ ಬಾಯಿ ಮರೆಮಾಡಿಕೊಂಡು ತುಟಿ ಬಿಗಿದರು. ಪೆಟ್ಟಿಗೆಯ ಮೇಲೆಯೇ ಬೆರಳು ಆಡಿಸಿದರು. ಹಲ್ಲಿಲ್ಲದ ತುಟಿ ಒಳಕ್ಕೆ ಕುಸಿಯಿತು. ಮತ್ತೆ ಬಿಗಿದರು. ಮತ್ತೆ ಕುಸಿಯಿತು. ಕರವಸ್ತ್ರ ಮಡಚಿ ಜೇಬಿಗಿಟ್ಟು ಅವರು ಈ ಕಟ್ಟಡದ ಬಾಗಿಲಿಗೆ ಬಂದರು.

ಬಿಸಿಲು ಗುಳುಂಬನ ನಾಲಿಗೆಯನ್ನು ಮುಟ್ಟಿತು.

ಅಜ್ಜಿ ಕೈ ಚಾಚಿದಳು.

"ಮುಟ್ಟಿದ್ರೆ ಮುಗೀತು ಅತ್ತೆ," ಎಂದಳು ಸೊಸೆ. ಅವಳ ದನಿ ಈಗ ತಮಾಷೆಯದಾಗಿರಲಿಲ್ಲ. "ತಡ್ಕೊಳ್ತಾನೇನೋ. ನೋಡೋಣ ಇರಿ."

ಅಜ್ಜಿ ಎತ್ತಿಕೊಂಡಳು. ಗುಳುಂಬನ ಮೈ ಬೆಚ್ಚಗಾಗಿತ್ತು, ಜ್ವರ ಬಂದ ಮಗುವಿನಷ್ಟು. ತಾನು ಎತ್ತಿದ್ದು ಏಕೆಂದು ಹೇಳಲು ಅಜ್ಜಿ ಬಾಯಿ ತೆರೆದಳು.

"ಗುಳುಂಬ ಅಳಿದ," ಎಂದಳು ಸೊಸೆ. "ಶಪಥ ಶುರು."

ಅಜ್ಜಿ ಬಾಯಿ ಮುಚ್ಚಿದಳು. ಕೊಟ್ಟ ಮಾತಿಗೆ ತಪ್ಪಿದವಳೆಂದು ಯಾರೂ ಅವಳನ್ನು ಅಂದದ್ದಿಲ್ಲ. ಅಂದರೆ ಹೇಗಿರುತ್ತದೆಂದು ನೋಡುವ ದಿನವೂ ಇದಲ್ಲ.

ಅಡುಗೆಮನೆಗೆ ಓಡಿದಳು. ಡುಬ್ಬ ಕಳಚಿದಳು. ನಾಲಿಗೆ ಎಳೆದಳು, ದಾರ ಬಂತು. ಮೈ ಬೇರೆ, ಬಾಯಿ ಬೇರೆ ಆಯಿತು. ತಣ್ಣೀರಿನಲ್ಲಿ ತೊಳೆದು, ಮತ್ತೆ ತೊಳೆದು, ಬೆಳಕಿಗೆ ಹಿಡಿದರೆ ಒಸಡು ನೆಟ್ಟಗಿದೆ, ಹಲ್ಲೆಲ್ಲ ಇದೆ. ಮುಂದಿನ ಎರಡರ ನಡುವೆ ಮಾತ್ರ ಟೈಲರಮ್ಮನ ಕತ್ತರಿ ಬಿಟ್ಟ ಸಂದು, ತೆರೆದ ಬಾಗಿಲಿನಂತೆ. ಹೆಬ್ಬೆರಳಿನಿಂದ ಒತ್ತಿದಳು. ಮೇಣ ಕಿರ್ ಎಂದಿತು. ಕೈ ಹಿಂದೆಗೆದಳು. ಇನ್ನೂ ಒತ್ತಿದರೆ ಒಡೆದೀತು.

ಯಜಮಾನರು ಒಳಕೋಣೆಯಲ್ಲಿ ಹಾಸಿಗೆ ಕೊಡವುತ್ತಿದ್ದರು. ಅಜ್ಜಿ ಬೆಕ್ಕಿನ ಹೆಜ್ಜೆಯಿಟ್ಟು ಬಂದು, ಮದುವೆಯಾದಾಗಿನಿಂದ ದಾಟದ ಗಡಿ ದಾಟಿ, ಬಲತುದಿಯ ಒದ್ದೆ ಬಟ್ಟೆಯಡಿ ಸೆಟ್ಟನ್ನು ಇಟ್ಟಳು. ಅಷ್ಟರಲ್ಲಿ ಬಾಗಿಲು ಬಡಿಯಿತು.

"ಬಂದುಬಿಟ್ರಾ?" ಯಜಮಾನರು ಬಾಗಿಲಲ್ಲಿ ಬಾಡಿದ ಮುಖ ಹೊತ್ತು ನಿಂತರು. "ಬನ್ನಿ, ಕೂತ್ಕೊಳ್ಳಿ. ಒಂದು ವಿಷಯ ಹೇಳಬೇಕು." ಕೂರಿಸಿದರು. ಏನು ಹೇಳುವುದೆಂದು ತಿಳಿಯದೆ, ಕೈಗೆ ಏನಾದರೂ ಕೆಲಸವಿರಲೆಂದು ಒದ್ದೆ ಬಟ್ಟೆಯನ್ನು ಎತ್ತಿದರು.

ಎತ್ತಿದ ಬಟ್ಟೆ ಎತ್ತಿದಲ್ಲೇ ನಿಂತಿತು.

"ಇಲ್ಲಿ ನೋಡಿದ್ದೆನಲ್ಲ ನಾನು…" ಎಂದು ಅವರು ಗೊಣಗುವಷ್ಟರಲ್ಲಿ ತುತ್ತೂರಿಯವರು ಸೆಟ್ಟನ್ನು ಎತ್ತಿ ಬಾಯಿಗಿಟ್ಟುಕೊಂಡಾಗಿತ್ತು. ಬಾಗಿಲ ಬಳಿ ಅಜ್ಜಿ. ಅವಳ ಹಿಂದೆ, ಶಪಥ ಮುರಿಯದಂತೆ ಕಾಯಲು ಬಂದ ಸೊಸೆ.

"ಏನೋ ಉಪ್ಪುಪ್ಪು," ಎಂದರು ತುತ್ತೂರಿಯವರು.

"ನಿಮ್ಮ ನಾಲಿಗೆ ದೋಷ," ಎಂದರು ಯಜಮಾನರು ಅಭ್ಯಾಸಬಲದಿಂದ. "ಮೆಲ್ಲಗೆ ಊದಿ. ಮೇಣ ಅದು."

ತುತ್ತೂರಿಯವರು ಪೆಟ್ಟಿಗೆ ತೆರೆದರು. ತುತ್ತೂರಿಯ ಮೂತಿಯನ್ನು ತುಟಿಗಿಟ್ಟರು. ಕೋಣೆಯಲ್ಲಿ ಗಡಿಯಾರವೂ ಅಂಜಿ ಮೆಲ್ಲಗೆ ನಡೆಯುತ್ತಿದ್ದಂತಿತ್ತು. ಅವರ ಎದೆ ಏರಿತು.

ಸ್ವರ ಬಂತು. ಮೊದಲು ನೂಲಿನಷ್ಟು ತೆಳ್ಳಗೆ. ಆಮೇಲೆ ಬಿಚ್ಚಿಕೊಂಡು, ದುಂಡಗಾಗಿ, ಒಂದೇ ಉಸಿರಿಗೆ ಕೋಣೆ ತುಂಬಿ, ಬಾಗಿಲು ದಾಟಿ ಮೆಟ್ಟಿಲಿಳಿಯಿತು. ಕಪಾಟಿನಲ್ಲಿದ್ದ ಹಲ್ಲಿನ ಅಚ್ಚುಗಳೆಲ್ಲ ಬಾಯಿ ತೆರೆದು ಕೇಳಿದವು. ತುತ್ತೂರಿಯವರು ಕಣ್ಣು ತೆರೆಯದೆ ಇನ್ನೊಂದು ಸ್ವರ ಹಿಡಿದರು, ಅದರ ಮೇಲಿನದನ್ನೂ ಹಿಡಿದರು. ವಾದ್ಯ ಕೆಳಗಿಳಿಸಿದಾಗ ಅವರ ತುಟಿಯ ಮೇಲೆ ಕೆಂಪಗೆ ಏನೋ ಇತ್ತು.

"ರಕ್ತ," ಎಂದರು ಯಜಮಾನರು. ಅವರ ಮುಖ ಅವರದೇ ಪ್ಲಾಸ್ಟರ್ ಅಚ್ಚುಗಳ ಬಣ್ಣಕ್ಕೆ ತಿರುಗಿತು. ಬಗ್ಗಿ, ಎರಡು ಬೆರಳಿನಿಂದ ಹಿಡಿದು ಎಳೆದರು.

ರಕ್ತ ದಾರವಾಗಿ ಬಂತು. ಕೆಂಪು ಹೊಲಿಗೆ ದಾರ, ಗೇಣುದ್ದ. ನಾಲಿಗೆಯನ್ನು ಎಳೆದಾಗ ಅರ್ಧವೇ ಬಂದಿತ್ತು, ಮಿಕ್ಕದ್ದು ಮೇಣದೊಳಗೇ ಹುದುಗಿ ಉಳಿದಿತ್ತೆಂದು ಅಜ್ಜಿಗೆ ಆಗ ತಿಳಿಯಿತು.

ಯಜಮಾನರು ದಾರವನ್ನು ನೋಡಿದರು. ಅದು ಹೊರಬಂದ ಸಂದನ್ನು ನೋಡಿದರು. ಆಮೇಲೆ ಅಜ್ಜಿಯನ್ನು ನೋಡಿದರು, ಅವಳ ಉಗುರಿನಂಚಿನಲ್ಲಿದ್ದ ಗುಲಾಬಿ ಮೇಣವನ್ನು ನೋಡಿದರು. ಸಂಸಾರದಲ್ಲಿ ಕೆಲವು ಕಥೆಗಳನ್ನು ಹೇಳಬೇಕಾಗಿಲ್ಲ; ಓದಿಕೊಂಡುಬಿಡುತ್ತಾರೆ.

"ಯಾರು…" ಎಂದು ಅವರು ಬಾಯಿ ತೆರೆದರು.

"ಯಜಮಾನ್ರೇ." ತುತ್ತೂರಿಯವರು ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. "ಬಾಯಲ್ಲಿ ಬೈದ್ರೂ ಕೈಯಲ್ಲಿ ಮಾಡಿಬಿಟ್ರಿ. ಸಂದು ಬಿಟ್ಟಿದೀರಿ. ಎಷ್ಟು ಬೇಕೋ ಅಷ್ಟೇ. ದಾರ ಹಾಕಿ ಅಳೆದು ಬಿಟ್ಟಿದೀರಿ. ಇನ್ನು ದಯವಿಟ್ಟು ಮುಟ್ಟಬೇಡಿ. ಹೀಗೇ ಬೇಯಿಸಿಬಿಡಿ."

ನಲವತ್ತು ವರ್ಷ ಕೂದಲು ತೂರದ ಸೆಟ್ಟು ಕಟ್ಟಿದವರು ಒಂದು ಗಳಿಗೆ ಸತ್ಯಕ್ಕೂ ಸನ್ಮಾನಕ್ಕೂ ನಡುವೆ ನಿಂತರು.

"ಹ್ಞೂಂ," ಎಂದರು ಯಜಮಾನರು ಕೊನೆಗೆ, ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. "ಯೋಚನೆ ಮಾಡಿದೆ. ಉಸಿರು ಅಂದ್ಮೇಲೆ ದಾರಿ ಬೇಕಲ್ಲ."

ಮಂಗಳವಾರ ತುತ್ತೂರಿಯವರು ಗಟ್ಟಿಯಾದ ಸೆಟ್ಟು ಹಾಕಿಕೊಂಡು ಊದಿದರು. ಕುರ್ಚಿ ಜೋಡಿಸುವ ಕೆಲಸದಿಂದ ತಮ್ಮ ಕುರ್ಚಿಗೆ ಮರಳಿದರು. ಆ ಸಂಜೆ ಯಜಮಾನರು ಮೆಟ್ಟಿಲ ತಿರುವಿನಲ್ಲಿ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಬೇಕರಿಯಣ್ಣನಿಗೂ ಟೈಲರಮ್ಮನಿಗೂ ಸಂದಿನ ಶಾಸ್ತ್ರ ವಿವರಿಸಿದರು. ಸಂದು ಬಿಡುವುದು ಎಲ್ಲರ ಕೈಗೂ ಬರುವ ವಿದ್ಯೆಯಲ್ಲ. ಬಿಡದೆ ನಲವತ್ತು ವರ್ಷ ಪಳಗಿದವನಿಗೆ ಮಾತ್ರ ಎಲ್ಲಿ ಬಿಡಬೇಕೆಂದು ಗೊತ್ತಾಗುತ್ತದೆ. ಆ ಹಲ್ಲುಗಳನ್ನು ತನ್ನ ಕತ್ತರಿಯಿಂದ ಸರಿಸಿದ್ದ ಟೈಲರಮ್ಮ, ತಾನು ಸರಿಸಿದ್ದು ಏನನ್ನೆಂದು ತಿಳಿಯದೆ, ಭಕ್ತಿಯಿಂದ ಕೇಳಿದಳು.

"ಏನೇ, ನಾನು ಹೇಳ್ತಿರೋದು ಸರಿ ತಾನೆ?" ಎಂದು ಯಜಮಾನರು ಅಜ್ಜಿಯ ಕಡೆ ತಿರುಗಿದರು.

ಅಜ್ಜಿಯ ಬಾಯಿ ತೆರೆದುಕೊಂಡಿತು. ಎಡತುದಿ, ಕುಕ್ಕಿದ ಸದ್ದು, 'ಸಂದು ಇದ್ದದ್ದು ದೇವರ ತಪ್ಪು', ಎಲ್ಲವೂ ಸಾಲುಗಟ್ಟಿ ಹಲ್ಲಿನ ಹಿಂದೆ ಬಂದು ನಿಂತವು. ಸೊಸೆ ಮೆಲ್ಲಗೆ ಕೆಮ್ಮಿದಳು. ಬಾಯಿ ಮುಚ್ಚಿಕೊಂಡಿತು.

"ಮಾತಾಡಲಿಲ್ಲ ಅಂದ್ರೆ ಒಪ್ಪಿಗೆ ಅಂತ," ಎಂದರು ಯಜಮಾನರು ಸಭೆಗೆ.

ಆಮೇಲೆ ಅಡುಗೆಮನೆಗೆ ಬಂದು, ಯಾರೂ ಇಲ್ಲದ್ದನ್ನು ನೋಡಿ, ಅವಳ ಕಿವಿಯ ಬಳಿ ಪಿಸುಗುಟ್ಟಿದರು. "ಎಡತುದೀಲಿ ಕುಕ್ಕಿದವನು ನಾನೇ. ಆಮೇಲೆ ನೆನಪಾಯ್ತು. ಯಾರಿಗೂ ಹೇಳಲ್ಲ ತಾನೆ?" ಅಜ್ಜಿ ಸುಡುವ ಕಣ್ಣಿನಿಂದ ನೋಡಿದಳು. "ಸರಿ ಹಾಗಾದ್ರೆ. ಹೇಳಲ್ಲ ಅಂತಾಯ್ತು," ಎಂದು ಅವರು ಸಿಳ್ಳೆ ಹಾಕುತ್ತಾ ಹೋದರು. ಮರುದಿನ ಮೇಜಿನ ಎಡತುದಿಯಲ್ಲಿ ಹೊಸ ಮೇಣದ ಒಂದು ಇಡೀ ಹಾಳೆ ಇತ್ತು. ಕತ್ತರಿಸಿ ಉಳಿದ ಚೂರಲ್ಲ, ಹಾಳೆ. ಯಾರೂ ಏನೂ ಹೇಳಲಿಲ್ಲ, ಹೇಳಬಲ್ಲವಳು ಹೇಳುವಂತಿರಲಿಲ್ಲ.

ಆ ರಾತ್ರಿಯೂಟಕ್ಕೆ ಸೊಸೆ ಪಕ್ಕದಲ್ಲಿ ಕುಳಿತು, ತಾನಾಗಿಯೇ ಬಡಿಸಿ, ಮೃದುವಾಗಿ ಹೇಳಿದಳು. "ದಾರ ನೋಡಿದಾಗಲೇ ನನಗೆ ಅರ್ಥ ಆಯ್ತು ಅತ್ತೆ. ನಿಮ್ಮ ಗುಳುಂಬ ನಿಜಕ್ಕೂ ಅಳಿದಿಲ್ಲ. ವಾಸ ಬದಲಾಯಿಸಿದಾನೆ, ಅಷ್ಟೆ. ಒಳ್ಳೆ ಜಾಗ, ದಿನಾ ಊಟ, ಮೇಲೆ ಸಂಗೀತ. ನಮ್ಮೆಲ್ಲರ ಪ್ರಾಣಿಗಳಿಗಿಂತ ಅವನೇ ಹೆಚ್ಚು ದಿನ ಬದುಕ್ತಾನೆ."

ಅಜ್ಜಿಯ ಮುಖ ಅರಳಿತು. ತುಟಿ ಬಿಚ್ಚಿತು.

"ಆದ್ರೆ ನೀವು ಅಂದದ್ದು ಈ ಕಟ್ಟೆ ಮೇಲೆ ಅಂತ," ಎಂದಳು ಸೊಸೆ, ಇನ್ನೊಂದು ಸೌಟು ಬಡಿಸುತ್ತಾ.

ಕಟ್ಟೆಯ ಮೇಲೆ ಈಗ ಉಬ್ಬಣ್ಣ ಒಬ್ಬನೇ ಇದ್ದಾನೆ, ಬಿಸಿಲಿಗೆ ಬೆಂದು ಕಲ್ಲಾಗಿ. ಅವನಿಗೆ ಇನ್ನು ಯಾವ ಪ್ರವಾಹವೂ ತಟ್ಟದು, ಯಾವ ಗಾಳಿಯೂ ತಟ್ಟದು. ಯುಗ ಮುಗಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲವೆಂದು ಬೇಕರಿಯಣ್ಣ ಹೇಳಿದ, ಟೈಲರಮ್ಮ ಹೇಳಿದಳು, ಸಿಳ್ಳೆ ಹಾಕಿ ಸುಸ್ತಾದ ಯಜಮಾನರೂ ಹೇಳಿದರು. ಅಜ್ಜಿ ಕಣ್ಣಿನಲ್ಲೇ ಬೇಡಿಕೊಂಡಳು.

ಸೊಸೆಗೆ ಮಾತ್ರ ಏನೂ ಆತುರವಿಲ್ಲ.